ಮೊಬೈಲ್ ಸ್ಟಾರ್ಟರ್ ಪೆಟ್ಟಿಗೆಯನ್ನು ಬಳಸುವವರ ಕೈಗೇ ಕೊಟ್ಟು ಪರೀಕ್ಷಿಸುವುದು ಹೇಗೆ: ಯೂಸಬಿಲಿಟಿ ಟೆಸ್ಟಿಂಗ್ ಸಮಗ್ರ ಮಾರ್ಗದರ್ಶಿ

ತಿಪಟೂರು ಕಡೆಯ ಒಂದು ತೆಂಗಿನ ತೋಟ. ಬೆಳಿಗ್ಗೆ ಆರೂವರೆ. ಅರವತ್ತು ದಾಟಿದ ಯಜಮಾನರೊಬ್ಬರು ತಮ್ಮ ಕೀಪ್ಯಾಡ್ ಫೋನಿನಿಂದ, ಫೋನ್ ಕಾಲ್‌ನಲ್ಲೇ ಮೋಟಾರ್ ಆನ್ ಆಫ್ ಮಾಡುವ ಸಿಮ್ ಹಾಕಿದ ಪೆಟ್ಟಿಗೆಗೆ, ಅಂದರೆ ಬೋರ್‌ವೆಲ್‌ನ ಮೊಬೈಲ್ ಸ್ಟಾರ್ಟರ್‌ಗೆ ಕಾಲ್ ಮಾಡಿ 1 ಒತ್ತಿದರು. "ನಿಮ್ಮ ಪಂಪ್‌ಸೆಟ್ ಯಶಸ್ವಿಯಾಗಿ ಚಾಲನೆಗೊಂಡಿದೆ" ಅಂತ ಒಂದು ದನಿ ಹೇಳಿತು. ಅವರು ಫೋನ್ ಜೇಬಿಗೆ ಹಾಕಿಕೊಂಡು, ಗುದ್ದಲಿ ಹೆಗಲಿಗೇರಿಸಿ ಪಾತಿಯ ಕಡೆ ಹೊರಟರು. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಪೈಪಿನ ಬಾಯಲ್ಲಿ ಒಂದು ಹನಿ ಇಲ್ಲ. ನನ್ನ ಕಡೆ ತಿರುಗಿ, "ಆಗೈತೆ ಅಂತ ಹೇಳ್ತಲ್ಲಪ್ಪಾ, ನೀರೆಲ್ಲಿ?" ಅಂದರು.

ಶೆಡ್‌ಗೆ ಹೋಗಿ ನೋಡಿದರೆ ಮೋಟಾರ್‌ಗೆ ಬೇಕಾದ ಮೂರು ಫೇಸ್‌ಗಳಲ್ಲಿ, ಅಂದರೆ ಮೂರು ವಿದ್ಯುತ್ ಲೈನ್‌ಗಳಲ್ಲಿ, ಒಂದು ಇರಲಿಲ್ಲ. ಮೋಟಾರ್‌ಗೆ ವಿದ್ಯುತ್ ಜೋಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಎಳೆದುಕೊಂಡೇ ಇರಲಿಲ್ಲ. ಪೆಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ರಿಲೇಗೆ ಆನ್ ಸಿಗ್ನಲ್ ಕೊಟ್ಟಾಯ್ತು, ಅಷ್ಟಾದರೆ ಪ್ರೋಗ್ರಾಂ ಬರೆದವರಿಗೆ ಕೆಲಸ ಆದಂತೆ. ತೋಟದಲ್ಲಿ ನಿಂತವರಿಗೆ ನೀರು ಬಂದರೆ ಮಾತ್ರ ಕೆಲಸ ಆದಂತೆ.

ಯಂತ್ರ ಹೇಳುವುದಕ್ಕೂ, ಅದನ್ನು ಕೇಳಿದವರು ಅರ್ಥ ಮಾಡಿಕೊಳ್ಳುವುದಕ್ಕೂ, ಹೊಲದಲ್ಲಿ ನಿಜವಾಗಿ ಆಗುವುದಕ್ಕೂ ಹೀಗೆ ಸಂದು ಬೀಳುತ್ತದೆ. ಆ ಸಂದು ಎಲ್ಲಿದೆ ಅಂತ ಮೊದಲೇ ಹುಡುಕಿ ಮುಚ್ಚುವ ಕೆಲಸವೇ ಯೂಸಬಿಲಿಟಿ ಟೆಸ್ಟಿಂಗ್. ನೀವು ಮಾಡುತ್ತಿರುವುದು ಸ್ಟಾರ್ಟರ್ರೇ ಆಗಬೇಕಿಲ್ಲ. ಡೈರಿಯ ಹಾಲು ಅಳೆಯುವ ಮಷಿನ್ ಇರಲಿ, ಫ್ಯಾಕ್ಟರಿಯ ಕಂಟ್ರೋಲ್ ಪ್ಯಾನಲ್ ಇರಲಿ, ಆಸ್ಪತ್ರೆಯಲ್ಲಿ ನರ್ಸ್ ಒತ್ತುವ ಪಂಪ್ ಇರಲಿ, ಹೆಜ್ಜೆಗಳು ಇವೇ. ಸ್ಟಾರ್ಟರ್ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಇದು ಸಣ್ಣ ಪೆಟ್ಟಿಗೆಗಳಲ್ಲಿ ಮಾತ್ರ ಆಗುವ ತಪ್ಪು ಅಂದುಕೊಳ್ಳಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಆಗಿದ್ದೂ ಇದೇ. ಒತ್ತಡ ಇಳಿಸುವ ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತ್ತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತ್ತು. ಆ ದೀಪ ವಾಲ್ವ್ ಮುಚ್ಚಿದೆಯಾ ಅಂತ ತೋರಿಸುತ್ತಿರಲಿಲ್ಲ, ಮುಚ್ಚಲು ಸಿಗ್ನಲ್ ಹೋಗಿದೆ ಅಂತಷ್ಟೇ ತೋರಿಸುತ್ತಿತ್ತು. ಆಪರೇಟರ್‌ಗಳು ಮುಚ್ಚಿದೆ ಅಂದುಕೊಂಡರು. ಎರಡು ಗಂಟೆಗೂ ಜಾಸ್ತಿ ಹೊತ್ತು ನೀರು ಹೊರಗೆ ಹೋಗುತ್ತಲೇ ಇತ್ತು, ರಿಯಾಕ್ಟರ್‌ನ ಒಳಭಾಗದ ಸುಮಾರು ಅರ್ಧ ಕರಗಿತು. ತಿಪಟೂರಿನ ಆ ಯಜಮಾನರೂ ಅದೇ ಥರದ ದೀಪವನ್ನೇ ನಂಬಿದ್ದರು.

ಹೆಜ್ಜೆ 1: ಏನೂ ತೋರಿಸದೆ, ಸುಮ್ನೆ ಹೋಗಿ ನೋಡಿ

ಬಳಸುವವರನ್ನು ನಡುವೆ ಇಟ್ಟು ಡಿಸೈನ್ ಮಾಡುವುದು ಅಂದರೆ ಮೊದಲ ದಿನ ಕಂಪ್ಯೂಟರ್ ತೆಗೆಯುವುದಲ್ಲ, ಬಸ್ ಹತ್ತುವುದು. ನಿಮ್ಮ ಪೆಟ್ಟಿಗೆಯನ್ನು ಚೀಲದಲ್ಲೇ ಬಿಟ್ಟು, ಈಗ ಅವರು ಆ ಕೆಲಸ ಹೇಗೆ ಮಾಡುತ್ತಾರೆ ಅಂತ ನೋಡಿ. ನಾಲ್ಕೈದು ಕಡೆ, ಒಂದೊಂದು ಕಡೆ ಎರಡು ಮೂರು ಗಂಟೆ ಸಾಕು. ಆದರೆ ಹೊತ್ತು ಮುಖ್ಯ. ನಮ್ಮ ರಾಜ್ಯದಲ್ಲಿ ಕೃಷಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ ಅಂತ ಲೆಕ್ಕ. ಅದು ಹಗಲು ಸ್ವಲ್ಪ, ರಾತ್ರಿ ಸ್ವಲ್ಪ ಅಂತ ಹಂಚಿಹೋಗುವುದುಂಟು. ನೀವು ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೆರಳಲ್ಲಿ ಕೂತು ಮಾತಾಡಿಸಿ ಬಂದರೆ, ರಾತ್ರಿ ಒಂದೂವರೆಗೆ ಟಾರ್ಚ್ ಹಿಡಿದು ಶೆಡ್‌ಗೆ ಹೋಗುವವರ ಕಷ್ಟ ನಿಮಗೆ ಗೊತ್ತಾಗುವುದೇ ಇಲ್ಲ.

ನಾವು ಒಂದು ರಾತ್ರಿ ಹೋಗಿದ್ದೆವು. ಅವರು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಹಾವಿಗೆ ಅಂತ ಒಂದು ಕೋಲು ಹಿಡಿದು, ಉಳಿದ ಒಂದು ಕೈಯಲ್ಲಿ ಬಟನ್ ಹುಡುಕುತ್ತಿದ್ದರು. ಹಸಿರು ಬಟನ್ ಆನ್, ಕೆಂಪು ಆಫ್ ಅಂತ ನಾವು ಬಣ್ಣ ಕೊಟ್ಟು ನೆಮ್ಮದಿಯಾಗಿದ್ದೆವು. ಕತ್ತಲಲ್ಲಿ ಎರಡೂ ಕಪ್ಪೇ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಬಿ-17 ವಿಮಾನದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಬದಲು ಚಕ್ರ ಮಡಚುವ ಲಿವರ್ ಎಳೆದುಬಿಡುತ್ತಿದ್ದರು, ಯಾಕೆಂದರೆ ಎರಡೂ ಪಕ್ಕಪಕ್ಕ, ಎರಡೂ ಒಂದೇ ಥರ. ಆಲ್ಫೋನ್ಸ್ ಚಪಾನಿಸ್ ಅನ್ನುವ ಮನಃಶಾಸ್ತ್ರಜ್ಞರು ಒಂದರ ತುದಿಗೆ ರಬ್ಬರ್ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಟ್ಟು ಅದನ್ನು ಸರಿಮಾಡಿದರು. ನಾವೂ ಆಮೇಲೆ ಆನ್ ಬಟನ್ ಉಬ್ಬಿಸಿ, ಆಫ್ ಬಟನ್ ತಗ್ಗಿಸಿ ಮಾಡಿಸಿದೆವು.

ನೋಡುವಾಗ ಜನ ತಾವೇ ಮಾಡಿಕೊಂಡ ಉಪಾಯಗಳ ಮೇಲೆ ಕಣ್ಣಿಡಿ. ಫೋನಿನ ಬೆನ್ನಿಗೆ ಪ್ಲಾಸ್ಟರ್ ಅಂಟಿಸಿ "1 ಆನ್ 2 ಆಫ್" ಅಂತ ಬರೆದುಕೊಂಡಿರುತ್ತಾರೆ. ಶೆಡ್ ಗೋಡೆಯ ಮೇಲೆ ಇದ್ದಿಲಲ್ಲಿ ಸಿಮ್ ನಂಬರ್ ಇರುತ್ತದೆ. ನಿಮ್ಮ ಸಿಸ್ಟಂ ನೆನಪಿಟ್ಟುಕೊಳ್ಳಬೇಕಾದ್ದನ್ನು ಅವರು ಗೋಡೆಗೆ ಬರೆದು ನೆನಪಿಟ್ಟುಕೊಂಡಿದ್ದಾರೆ ಅಂತ ಅರ್ಥ. ಅಂಥ ಒಂದೊಂದು ಚೀಟಿಯನ್ನೂ ಫೋಟೋ ತೆಗೆದುಕೊಳ್ಳಿ, ಕೇಳಿಯೇ ತೆಗೆಯಿರಿ.

ಹೆಜ್ಜೆ 2: ಬಳಸುವವರು ಯಾರು ಅಂತ ನಿಜವಾಗಿ ಪಟ್ಟಿ ಮಾಡಿ

"ನಮ್ಮ ಬಳಕೆದಾರರು ರೈತರು" ಅಂತ ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ. ಒಂದೇ ಸ್ಟಾರ್ಟರ್ ಸುತ್ತ ನಮಗೆ ಸಿಕ್ಕಿದವರು ಐದು ಥರದವರು. ದುಡ್ಡು ಕೊಟ್ಟು ಹಾಕಿಸಿದ ಯಜಮಾನರು. ಅವರು ಊರಲ್ಲಿಲ್ಲದಾಗ ಮೋಟಾರ್ ನೋಡಿಕೊಳ್ಳುವ ಮನೆಯಾಕೆ. ತೋಟದ ಆಳು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಆಪ್‌ನಲ್ಲಿ ನೋಡುವ ಮಗ. ಎಲ್ಲಕ್ಕಿಂತ ಮೊದಲು, ಪೆಟ್ಟಿಗೆಯನ್ನು ಗೋಡೆಗೆ ಹಾಕಿ ಸೆಟ್ಟಿಂಗ್ ಮಾಡುವ ಎಲೆಕ್ಟ್ರಿಷಿಯನ್.

ನಮ್ಮ ಮೊದಲ ಮಾದರಿ ನೋಂದಾಯಿಸಿದ ಒಂದೇ ನಂಬರ್‌ನಿಂದ ಕಾಲ್ ತೆಗೆದುಕೊಳ್ಳುತ್ತಿತ್ತು. ಸುರಕ್ಷತೆಗೆ ಅಂತ ಹಾಗೆ ಮಾಡಿದ್ದು. ಯಜಮಾನರು ಮದುವೆಗೋ ಆಸ್ಪತ್ರೆಗೋ ಹೋದ ದಿನ ಮನೆಯಾಕೆ ಕತ್ತಲಲ್ಲಿ ಶೆಡ್‌ಗೇ ನಡೆದು ಹೋಗಬೇಕಾಗಿತ್ತು. ಪೆಟ್ಟಿಗೆ ತಪ್ಪಿಸಬೇಕಿದ್ದ ನಡಿಗೆಯೇ ಅದು. ಇದು ಯಾರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು, ಆದರೆ ನಾವು ಕೇಳಿದ್ದು ಯಜಮಾನರನ್ನು ಮಾತ್ರ.

ಹೆಜ್ಜೆ 3: ಗೆದ್ದದ್ದು ಅಂದರೆ ಏನು ಅಂತ ಮೊದಲೇ ಬರೆದಿಡಿ

ಐಎಸ್‌ಒ 9241-11 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 1998ರಲ್ಲಿ ಬಂತು, 2018ರಲ್ಲಿ ತಿದ್ದಿದರು. ಅದು ಹೇಳುವುದು ಸರಳ: ಇಂಥ ಜನ, ಇಂಥ ಕೆಲಸವನ್ನು, ಇಂಥ ಸನ್ನಿವೇಶದಲ್ಲಿ ಮಾಡುವಾಗ ಕೆಲಸ ಸರಿಯಾಗಿ ಆಯ್ತಾ, ಎಷ್ಟು ಹೊತ್ತು ಎಷ್ಟು ಶ್ರಮ ಹಿಡಿಯಿತು, ಅವರಿಗೆ ಸಮಾಧಾನ ಆಯ್ತಾ. "ಬಳಸಲು ಸುಲಭವಾಗಿರಬೇಕು" ಅಂತ ಬರೆದರೆ ಯಾರೂ ಪರೀಕ್ಷೆ ಮಾಡಲಾರರು. ಹೀಗೆ ಬರೆಯಿರಿ: "ಕೀಪ್ಯಾಡ್ ಫೋನ್ ಇರುವ, ಓದು ಬರದವರೂ, ಯಾರ ಸಹಾಯವಿಲ್ಲದೆ, ಮೋಟಾರ್ ಈಗ ಓಡುತ್ತಿದೆಯಾ ಇಲ್ವಾ ಅಂತ 1 ನಿಮಿಷದೊಳಗೆ ಸರಿಯಾಗಿ ಹೇಳಬೇಕು."

ಗಮನಿಸಿ, ಇಲ್ಲಿ ಅಳೆಯುವುದು ಬಟನ್ ಒತ್ತಿದರಾ ಅನ್ನುವುದನ್ನಲ್ಲ. ಒತ್ತಿದ ಮೇಲೆ ಅವರ ತಲೆಯಲ್ಲಿರುವ ಚಿತ್ರ ಸರಿಯಾ ಅನ್ನುವುದನ್ನು. ತಾಂತ್ರಿಕ ಸಿಸ್ಟಂಗಳಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಇಲ್ಲೇ ಆಗುವುದು, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ. ಇಂಥ ನಾಲ್ಕೈದು ಗುರಿ ಸಾಕು.

ಹೆಜ್ಜೆ 4: ಬೋರ್ಡ್ ಮಾಡುವ ಮೊದಲು ಬಾಯಲ್ಲೇ ಪರೀಕ್ಷಿಸಿ

ಸರ್ಕ್ಯೂಟ್ ಬೋರ್ಡ್ ಪ್ರಿಂಟ್ ಆಗಿ, ಡಬ್ಬಿಗೆ ಅಚ್ಚು ಹಾಕಿದ ಮೇಲೆ ಯಾರೂ ಮನಸಾರೆ ತಿದ್ದುವುದಿಲ್ಲ. ಮನುಷ್ಯ ಸಹಜ. ಅದಕ್ಕೇ ಪರೀಕ್ಷೆ ಅದಕ್ಕಿಂತ ಮೊದಲೇ ಆಗಬೇಕು.

ನಾವು ಮಾಡಿದ್ದು ಹೀಗೆ. ಸಿಮ್ ಇರುವ ಒಂದು ಮಾಮೂಲಿ ಫೋನನ್ನು ನಮ್ಮ ಸಹೋದ್ಯೋಗಿ ಹಿಡಿದು ಪಕ್ಕದ ಕೋಣೆಯಲ್ಲಿ ಕೂತರು. ಮುಂದೆ ಒಂದು ಹಾಳೆ, ಅದರಲ್ಲಿ ಪೆಟ್ಟಿಗೆ ಯಾವ ಸಂದರ್ಭದಲ್ಲಿ ಏನು ಹೇಳಬೇಕು ಅನ್ನುವ ಸಾಲುಗಳು. ಪರೀಕ್ಷೆಗೆ ಬಂದವರು ಆ ನಂಬರ್‌ಗೆ ಕಾಲ್ ಮಾಡುತ್ತಾರೆ, ಇವರು ಪೆಟ್ಟಿಗೆಯ ಥರ ಹಾಳೆಯ ಸಾಲನ್ನು ಓದುತ್ತಾರೆ. ಕೀ ಒತ್ತಿದ ಸದ್ದು ಕೇಳಿದರೆ ಮುಂದಿನ ಸಾಲು. ಅಷ್ಟೇ. ಒಂದು ರೂಪಾಯಿ ಹಾರ್ಡ್‌ವೇರ್ ಇಲ್ಲದೆ ಮೂರು ದಿನದಲ್ಲಿ ಹನ್ನೊಂದು ಸಾಲು ಬದಲಾಯಿಸಿದೆವು. ಹಾಳೆ ಬಿಟ್ಟು ಬೇರೆ ಮಾತಾಡಬಾರದು ಅನ್ನುವುದೊಂದೇ ನಿಯಮ. ಕೇಳುವವರು ತಡಬಡಾಯಿಸಿದರೆ ಸಹಾಯ ಮಾಡೋಣ ಅನ್ನಿಸುತ್ತದೆ, ಮಾಡಬೇಡಿ.

ನನಗೆ ಅತಿ ದೊಡ್ಡ ಪಾಠ ಸಿಕ್ಕಿದ್ದು ಇಲ್ಲೇ. ಬೋರಿನಲ್ಲಿ ನೀರು ಇಳಿದಾಗ ಮೋಟಾರ್ ಎಳೆಯುವ ಆಂಪ್ಸ್, ಅಂದರೆ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ, ಕಡಿಮೆಯಾಗುತ್ತದೆ. ಅದನ್ನು ನೋಡಿ ಪೆಟ್ಟಿಗೆ ಮೋಟಾರ್ ನಿಲ್ಲಿಸುತ್ತದೆ. ನಮ್ಮ ಹಾಳೆಯಲ್ಲಿ ಆ ಸಾಲು "ಕರೆಂಟ್ ಕಡಿಮೆ ಇರುವುದರಿಂದ ಮೋಟಾರ್ ನಿಲ್ಲಿಸಲಾಗಿದೆ" ಅಂತ ಇತ್ತು. ಎಂಜಿನಿಯರ್‌ಗೆ ಕರೆಂಟ್ ಅಂದರೆ ಆಂಪ್ಸ್. ಉಳಿದ ಎಲ್ಲ ಕನ್ನಡಿಗರಿಗೂ ಕರೆಂಟ್ ಅಂದರೆ ಕಂಬದಿಂದ ಬರುವ ವಿದ್ಯುತ್. ಕೇಳಿದವರೆಲ್ಲ "ಓ, ವೋಲ್ಟೇಜ್ ಡಿಮ್ ಐತೆ, ಸ್ವಲ್ಪ ಹೊತ್ತು ಬಿಟ್ಟು ಹಾಕೋಣ" ಅಂದರು. ಅಂದರೆ ನೀರಿಲ್ಲದ ಬೋರಿನಲ್ಲಿ ಮತ್ತೆ ಮತ್ತೆ ಮೋಟಾರ್ ಹಾಕುತ್ತಾರೆ, ಮೋಟಾರ್ ಸುಟ್ಟುಹೋಗುತ್ತದೆ, ರಿವೈಂಡಿಂಗ್ ಖರ್ಚು, ಪೈಪ್ ಎತ್ತುವ ಖರ್ಚು ಎಲ್ಲ ಅವರ ತಲೆ ಮೇಲೆ. ಒಂದು ಪದದಿಂದ. ಈಗ ಆ ಸಾಲು ಹೀಗಿದೆ: "ಬೋರಿನಲ್ಲಿ ನೀರು ಸಾಲುತ್ತಿಲ್ಲ. ಮೋಟಾರ್ ಸುಡದೇ ಇರಲಿ ಅಂತ ನಿಲ್ಲಿಸಿದೆ. ಒಂದು ಗಂಟೆ ಬಿಟ್ಟು ನೋಡಿ."

"ಚಾಲನೆಗೊಂಡಿದೆ" ಅನ್ನುವುದೂ ಅಲ್ಲೇ ಹೋಯಿತು. ಊರಲ್ಲಿ ಯಾರೂ ಮೋಟಾರ್‌ಗೆ ಚಾಲನೆ ಕೊಡುವುದಿಲ್ಲ, ಆನ್ ಮಾಡುತ್ತಾರೆ.

ಹೆಜ್ಜೆ 5: ಎಷ್ಟು ಜನ, ಎಲ್ಲಿಂದ

ಐದು ಜನ ಸಾಕು ಅನ್ನುವ ಮಾತು ನೀವು ಕೇಳಿರುತ್ತೀರಿ. ಅದರ ಹಿಂದಿನ ಲೆಕ್ಕ ಯೂಸಬಿಲಿಟಿ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌವರ್ 1993ರಲ್ಲಿ ಕೊಟ್ಟಿದ್ದು. ಒಂದು ತೊಂದರೆ ಸರಾಸರಿ 31% ಜನರಿಗೆ ಎದುರಾಗುತ್ತದೆ ಅಂದುಕೊಂಡರೆ, ಐದು ಜನರಲ್ಲಿ ಅಂಥ ತೊಂದರೆಗಳ ಸುಮಾರು 85% ಕಣ್ಣಿಗೆ ಬೀಳುತ್ತವೆ. ಆದರೆ ಹತ್ತರಲ್ಲಿ ಒಬ್ಬರಿಗೆ ಮಾತ್ರ ಆಗುವ ತೊಂದರೆ ಐದು ಜನರಲ್ಲಿ ಕಾಣುವ ಸಾಧ್ಯತೆ 41% ಅಷ್ಟೇ. ಸೋಷಿಯಲ್ ಮೀಡಿಯಾ ಆಪ್‌ಗೆ ಪರವಾಗಿಲ್ಲ. ಮೋಟಾರ್ ಸುಡುವ, ಜೀವಕ್ಕೆ ಅಪಾಯ ಆಗುವ ಕಡೆ ಸಾಲದು.

ನನ್ನ ಸಲಹೆ: ಒಂದೊಂದು ಗುಂಪಿಗೆ ಐದು ಜನ, ಒಂದೊಂದು ಸುತ್ತಿಗೆ. ಯಜಮಾನರು ಐವರು, ಎಲೆಕ್ಟ್ರಿಷಿಯನ್‌ಗಳು ಐವರು, ಹೆಂಗಸರು ಐವರು. ಒಂದೇ ಸಲ ಹದಿನೈದು ಜನರನ್ನು ಕರೆಸಿ ಮುಗಿಸುವುದಕ್ಕಿಂತ, ಐವರಲ್ಲಿ ಕಂಡದ್ದನ್ನು ತಿದ್ದಿ ಮತ್ತೆ ಐವರಿಗೆ ಕೊಡುವುದು ಎಷ್ಟೋ ಮೇಲು.

ಜನ ಎಲ್ಲಿ ಸಿಗುತ್ತಾರೆ? ಬೆಳಿಗ್ಗೆ ಹಾಲಿನ ಡೈರಿ ಹತ್ತಿರ, ಪಂಪ್‌ಸೆಟ್ ಅಂಗಡಿಯಲ್ಲಿ, ರಿವೈಂಡಿಂಗ್ ಶಾಪ್ ಮುಂದೆ. ಮೋಟಾರ್ ಸುಟ್ಟು ಬಂದು ಕೂತವರು ನಿಮಗೆ ಹೇಳುವಷ್ಟು ಯಾರೂ ಹೇಳುವುದಿಲ್ಲ. ಅಂಗಡಿಯವರು "ನಮ್ಮ ಹುಷಾರು ಕಸ್ಟಮರ್" ಅಂತ ಪರಿಚಯಿಸಿದವರನ್ನೇ ಪೂರ್ತಿ ತೆಗೆದುಕೊಂಡರೆ ಪರೀಕ್ಷೆ ತುಂಬ ಚೆನ್ನಾಗಿ ಆಗುತ್ತದೆ, ಉಪಯೋಗ ಆಗುವುದಿಲ್ಲ. ಬಂದವರಿಗೆ ಅರ್ಧ ದಿನದ ಕೂಲಿಯಾದರೂ ಕೊಡಿ, ಪೆನ್ನು ಟೋಪಿ ಕೊಟ್ಟು ಕಳಿಸಬೇಡಿ. ತ್ರೀ ಫೇಸ್ ಇರುವ ಹೊತ್ತಲ್ಲಿ, ಕೊಯ್ಲಿನ ದಿನಗಳಲ್ಲಿ ಕರೆಯಬೇಡಿ.

ಹೆಜ್ಜೆ 6: ಕೆಲಸ ಕೊಡಿ, ಉತ್ತರ ಕೊಡಬೇಡಿ

ಪರೀಕ್ಷೆಯಲ್ಲಿ ಕೊಡುವ ಕೆಲಸವನ್ನು ಬರೆಯುವುದು ಕಲಿಯಬೇಕಾದ ವಿದ್ಯೆ. "ಮೆನುಗೆ ಹೋಗಿ ಟೈಮರ್ ಆಯ್ಕೆ ಮಾಡಿ 2 ಗಂಟೆ ಸೆಟ್ ಮಾಡಿ" ಅಂದರೆ ನೀವೇ ದಾರಿ ತೋರಿಸಿದಂತಾಯಿತು. ಅವರ ಬದುಕಿನ ಮಾತಲ್ಲಿ ಹೇಳಿ: "ನೀವು ನೆಂಟರ ಮನೆಗೆ ಹೊರಟಿದೀರಿ. ತೋಟಕ್ಕೆ ಎರಡು ಗಂಟೆ ನೀರು ಹೋದರೆ ಸಾಕು, ಜಾಸ್ತಿ ಆದರೆ ಪಕ್ಕದವರ ಹೊಲಕ್ಕೆ ನುಗ್ಗುತ್ತೆ. ಏನು ಮಾಡ್ತೀರಿ?" ಇದರಲ್ಲಿ ಟೈಮರ್ ಅನ್ನುವ ಪದ ಇಲ್ಲ. ಪದ ಇಲ್ಲದೆಯೂ ಅವರು ಅಲ್ಲಿಗೆ ತಲುಪಿದರೆ ನಿಮ್ಮ ಡಿಸೈನ್ ಕೆಲಸ ಮಾಡಿತು ಅಂತ.

ಆರೇಳು ಕೆಲಸ ಇರಲಿ, ಅದರಲ್ಲಿ ಕನಿಷ್ಠ ಎರಡು ಕೆಡುವ ಸನ್ನಿವೇಶ ಇರಲೇಬೇಕು. ಫೇಸ್ ಹೋಗಿದೆ, ಸಿಮ್‌ನ ರೀಚಾರ್ಜ್ ಮುಗಿದಿದೆ, ನೆಟ್‌ವರ್ಕ್ ಇಲ್ಲ, ನೀರು ಇಳಿದಿದೆ. ಎಲ್ಲ ಸರಿಯಿದ್ದಾಗ ಯಾವ ಯಂತ್ರವಾದರೂ ಸುಲಭವೇ.

ನೆಟ್‌ವರ್ಕ್ ಇಲ್ಲದ ಸನ್ನಿವೇಶದಲ್ಲಿ ನಾವು ಕಂಡದ್ದು ನೋಡಿ. ಪೆಟ್ಟಿಗೆಯ ಸಿಮ್ ಸಿಗದೇ ಇದ್ದಾಗ ಫೋನಿನಲ್ಲಿ "ನೀವು ಕರೆ ಮಾಡಿದ ನಂಬರ್ ಸ್ವಿಚ್ ಆಫ್ ಆಗಿದೆ" ಅಂತ ಬರುತ್ತದಲ್ಲ. ಇಬ್ಬರು ಅದನ್ನು ಕೇಳಿ ಮೋಟಾರ್ ಆಫ್ ಆಗಿದೆ ಅಂದುಕೊಂಡು ಫೋನ್ ಇಟ್ಟರು. ಮೋಟಾರ್ ಓಡುತ್ತಲೇ ಇತ್ತು! ಆ ದನಿ ನಮ್ಮದಲ್ಲ, ಅದನ್ನು ಬದಲಾಯಿಸಲು ನಮಗಾಗದು. ಆದರೆ ತಪ್ಪು ತಿಳಿದುಕೊಳ್ಳುವವರು ನಮ್ಮ ಪೆಟ್ಟಿಗೆಯನ್ನೇ ಬಳಸುವವರು. ಹಾಗಾಗಿ ಸಂಪರ್ಕ ಅರ್ಧ ಗಂಟೆ ತಪ್ಪಿದರೆ ಮೊದಲೇ ಕೊಟ್ಟ ಸಮಯಕ್ಕೆ ಮೋಟಾರ್ ತಾನಾಗಿ ನಿಲ್ಲುವಂತೆ ಮಾಡಿದೆವು. ಜೊತೆಗೆ ಕೊಡುವ ಕಾರ್ಡಿನಲ್ಲಿ ಚಿತ್ರ ಹಾಕಿ ವಿವರಿಸಿದೆವು.

ಸುರಕ್ಷತೆಯ ಬಗ್ಗೆ ಎರಡು ಮಾತು, ಇದರಲ್ಲಿ ರಾಜಿ ಬೇಡ. ಪರೀಕ್ಷೆಗೆ ನಿಜವಾದ ಮೋಟಾರ್ ಬೇಡ. ಮೂರು ಫೇಸಿಗೆ ಮೂರು ಬಲ್ಬ್ ಹಾಕಿದ ಬೋರ್ಡ್ ಮಾಡಿಸಿ, ದೀಪ ಹತ್ತಿದರೆ ಮೋಟಾರ್ ಓಡಿದಂತೆ. ಸ್ಟಾರ್ಟರ್ ಬಾಗಿಲು ತೆರೆಯುವ ಕೆಲಸ ಇದ್ದರೆ ಲೈನ್ ಪೂರ್ತಿ ತೆಗೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತಿರಬೇಕು. ನೀರಿಲ್ಲದ ಸನ್ನಿವೇಶವನ್ನು ಲ್ಯಾಪ್‌ಟಾಪ್‌ನಿಂದ ಸಂದೇಶ ಕಳಿಸಿ ತೋರಿಸಿ, ಯಾರದೋ ಬೋರನ್ನು ಒಣಗಿಸಿ ಓಡಿಸಬೇಡಿ.

ಹೆಜ್ಜೆ 7: ಆ ಒಂದು ಗಂಟೆ

ಮೊದಲು ನಿಮ್ಮವರಲ್ಲೇ ಒಬ್ಬರ ಮೇಲೆ ಪೂರ್ತಿ ಓಡಿಸಿ ನೋಡಿ. ಅಂದಾಜು ಹಾಕಿದ್ದಕ್ಕಿಂತ ಯಾವಾಗಲೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಬಂದವರಿಗೆ ಕೂರಿಸಿ, ಕಾಫಿ ಕೊಟ್ಟು, ನಾನು ಹೇಳುವುದು ಇಷ್ಟು: "ಯಜಮಾನ್ರೇ, ನಾವು ಪರೀಕ್ಷೆ ಮಾಡ್ತಿರೋದು ಈ ಪೆಟ್ಟಿಗೇನ, ನಿಮ್ಮನ್ನಲ್ಲ. ನಿಮಗೆ ತಿಳೀಲಿಲ್ಲ ಅಂದ್ರೆ ಇದರದ್ದೇ ತಪ್ಪು. ಇದನ್ನ ಮಾಡಿದ್ದು ನಾನಲ್ಲ, ಬೈದ್ರೂ ಬೇಜಾರಿಲ್ಲ. ಮಾಡ್ತಾ ಮಾಡ್ತಾ ಮನಸ್ಸಲ್ಲಿ ಬಂದದ್ದನ್ನ ಬಾಯಿಬಿಟ್ಟು ಹೇಳ್ತಾ ಹೋಗಿ. ಸಾಕು ಅನ್ನಿಸಿದಾಗ ಎದ್ದು ಹೋಗಬಹುದು, ದುಡ್ಡು ಕೊಟ್ಟೇ ಕೊಡ್ತೀವಿ." ಮಾಡಿದ್ದು ನಾನಲ್ಲ ಅನ್ನುವುದು ನಿಜವಾಗಿರಬೇಕು. ಡಿಸೈನ್ ಮಾಡಿದವರು ಹಿಂದೆ ಕೂತು ಬರೆದುಕೊಳ್ಳಲಿ, ಬಾಯಿ ತೆರೆಯಬಾರದು.

ಈ ಮಾತು ನಮ್ಮ ಕಡೆ ಬೇಕೇ ಬೇಕು. ಮನೆಗೆ ಬಂದವರ ಕೆಲಸವನ್ನು ಚೆನ್ನಾಗಿಲ್ಲ ಅನ್ನುವುದು ನಮ್ಮ ಜನರ ಜಾಯಮಾನವಲ್ಲ. "ಚೆನ್ನಾಗೈತೆ ಬಿಡಿ ಸಾರ್, ನಮಗೇ ತಿಳಿಯಲ್ಲ" ಅಂದುಬಿಡುತ್ತಾರೆ. ಅದಕ್ಕೇ ಹೇಗಿದೆ ಅಂತ ಕೇಳಬೇಡಿ, ಏನು ಮಾಡುತ್ತಾರೆ ಅಂತ ನೋಡಿ. ಒಂದು ಕೆಲಸ ಮುಗಿದ ಕೂಡಲೇ ಕೇಳಬೇಕಾದ ಒಂದೇ ಪ್ರಶ್ನೆ: "ಈಗ ಮೋಟಾರ್ ಏನಾಗಿದೆ ಅಂತೀರಿ?" ಅವರ ಉತ್ತರವನ್ನು ಬಲ್ಬಿನ ಬೋರ್ಡ್ ಜೊತೆ ಹೋಲಿಸಿ. ಹೊಂದದಿದ್ದರೆ ಅಲ್ಲೊಂದು ಸಂದು ಸಿಕ್ಕಿತು.

ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ಅವರು "ಈಗ ಏನ್ ಒತ್ತಬೇಕು?" ಅಂತ ನಿಮ್ಮ ಮುಖ ನೋಡುತ್ತಾರೆ. "ನಾನಿಲ್ಲದಿದ್ರೆ ಏನ್ ಮಾಡ್ತಿದ್ರಿ?" ಅನ್ನಿ, ಆಮೇಲೆ ಹತ್ತು ಸೆಕೆಂಡ್ ಬಾಯಿ ಮುಚ್ಚಿ. ಆ ಹತ್ತು ಸೆಕೆಂಡ್ ಬಹಳ ಉದ್ದ. ಎಲ್ಲ ಅಲ್ಲೇ ಹೊರಗೆ ಬರುವುದು.

ಮಕ್ಕಳು ಮಧ್ಯೆ ಬಾಯಿ ಹಾಕುವುದು ಇನ್ನೊಂದು. "ಅಪ್ಪಂಗೆ ಗೊತ್ತಾಗಲ್ಲ ಸಾರ್, ಕೊಡಿ ಇಲ್ಲಿ" ಅಂತ ಮಗ ಫೋನ್ ಕಿತ್ತುಕೊಂಡರೆ ಆ ಪರೀಕ್ಷೆ ಮುಗಿದಂತೆ. ಬೈದು ಕಳಿಸಲಾಗದು, ಅವರದೇ ಮನೆ. ನಮ್ಮಲ್ಲಿ ಒಬ್ಬರು "ಡ್ರಿಪ್ ಲೈನ್ ಹೇಗೆ ಎಳೆಸಿದೀರಿ, ತೋರಿಸ್ತೀರಾ" ಅಂತ ಮಗನನ್ನು ತೋಟದ ಆ ತುದಿಗೆ ಕರೆದುಕೊಂಡು ಹೋಗುತ್ತಾರೆ. ಆಮೇಲೆ ಮಗನಿಗೂ ಬೇರೆಯಾಗಿ ಪರೀಕ್ಷೆ ಮಾಡಿ, ಅವನೂ ಬಳಸುವವನೇ.

ಬರೆದುಕೊಳ್ಳುವ ಹಾಳೆಗೆ ಮೂರು ಕಾಲಂ: ಮಾಡಿದ್ದು, ಅಂದದ್ದು, ನನಗನಿಸಿದ್ದು. ಮೂರನೆಯದನ್ನು ಮೊದಲೆರಡರ ಜೊತೆ ಕಲಸಬೇಡಿ. "ಗೊಂದಲಗೊಂಡರು" ಅಂತ ಬರೆಯಬೇಡಿ, "2 ಒತ್ತಿ, ಫೋನ್ ಕಿವಿಯಿಂದ ತೆಗೆದು ನೋಡಿ, ಮತ್ತೆ 2 ಒತ್ತಿದರು" ಅಂತ ಬರೆಯಿರಿ. ವಿಡಿಯೋ ಮಾಡುವುದಿದ್ದರೆ ಯಾಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ ಕನ್ನಡದಲ್ಲಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಒಪ್ಪಿಗೆಯನ್ನು ಕಾನೂನಿನ ಮಾತಾಗಿಸಿದೆ. ಕಾನೂನು ಇಲ್ಲದಿದ್ದರೂ ಅದು ಮರ್ಯಾದೆ.

ಹೆಜ್ಜೆ 8: ಕಂಡದ್ದನ್ನು ತೂಗುವುದು

ಅದೇ ದಿನ ಸಂಜೆ ಕೂತು ಮಾಡಿ. ನಾಳೆಗೆ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ನಮಗೆ ಬೇಕಾದದ್ದು ಮಾತ್ರ. ಒಂದೊಂದು ತೊಂದರೆಯನ್ನೂ ಒಂದೊಂದು ಚೀಟಿಗೆ ಬರೆದು, ನೀಲ್ಸನ್ ಹೇಳಿದ ಹಾಗೆ 0ಯಿಂದ 4ರ ತನಕ ತೂಕ ಹಾಕಿ. 0 ಅಂದರೆ ತೊಂದರೆಯೇ ಅಲ್ಲ, 4 ಅಂದರೆ ಇದನ್ನು ಸರಿಮಾಡದೆ ಮಾರುವಂತಿಲ್ಲ. ಇಬ್ಬರು ಮೂವರು ಬೇರೆಬೇರೆಯಾಗಿ ತೂಕ ಹಾಕಿ ಆಮೇಲೆ ಮಾತಾಡಿ. ಒಬ್ಬರಿಗೆ ಮಾತ್ರ ಆಗಿದೆ ಅಂತ ಚೀಟಿಯನ್ನು ಪಕ್ಕಕ್ಕೆ ತಳ್ಳಬೇಡಿ, ಆ ಒಬ್ಬರ ಮೋಟಾರ್ ಸುಡುವಂಥದ್ದಾದರೆ ಅದು 4.

ಅಂಕಿಗಳ ವಿಷಯ. ಎಷ್ಟು ಜನ ಕೆಲಸ ಮುಗಿಸಿದರು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಆದರೆ ಐದರಲ್ಲಿ ಐದು ಜನ ಮುಗಿಸಿದರು ಅಂತ "100% ಯಶಸ್ಸು" ಅನ್ನಬೇಡಿ. ಐದೇ ಜನರ ಲೆಕ್ಕದಲ್ಲಿ ನಿಜವಾದ ಪ್ರಮಾಣ ಅರ್ಧದಷ್ಟೇ ಇದ್ದರೂ ಇರಬಹುದು.

ಸಮಾಧಾನ ಅಳೆಯಲು ಎಸ್‌ಯುಎಸ್ (ಸಿಸ್ಟಂ ಯೂಸಬಿಲಿಟಿ ಸ್ಕೇಲ್) ಅನ್ನುವ ಹತ್ತು ಸಾಲಿನ ಪ್ರಶ್ನಾವಳಿ ಇದೆ. ಜಾನ್ ಬ್ರೂಕ್ ಅನ್ನುವವರು 1986ರಲ್ಲಿ ಮಾಡಿದ್ದು, ಈಗಲೂ ಎಲ್ಲೆಡೆ ಬಳಸುತ್ತಾರೆ. ಒಂದೊಂದು ಸಾಲಿಗೂ 1ರಿಂದ 5 ಅಂಕ. ಬೆಸ ಸಾಲುಗಳ ಅಂಕದಿಂದ 1 ಕಳೆಯಿರಿ, ಸಮ ಸಾಲುಗಳ ಅಂಕವನ್ನು 5ರಿಂದ ಕಳೆಯಿರಿ, ಎಲ್ಲ ಕೂಡಿ 2.5ರಿಂದ ಗುಣಿಸಿ. ಬೆಸ ಸಾಲುಗಳಿಗೆ 4, 4, 5, 4, 4 ಬಂದರೆ ಅಲ್ಲಿ 16. ಸಮ ಸಾಲುಗಳಿಗೆ 2, 3, 2, 2, 1 ಬಂದರೆ ಅಲ್ಲಿ 15. ಒಟ್ಟು 31, ಗುಣಿಸಿದರೆ 77.5. ಸುಮಾರು 68 ಸರಾಸರಿ ಅಂತ ಲೆಕ್ಕ. ಇದು 100ಕ್ಕೆ ಬಂದ ಅಂಕ, ಶೇಕಡಾವಾರು ಅಲ್ಲ. ಇನ್ನೊಂದು ಎಚ್ಚರ: ಅದರಲ್ಲಿ ಒಂದು ಸಾಲು ಹೊಗಳಿಕೆ, ಮುಂದಿನದು ತೆಗಳಿಕೆ ಅಂತ ಬರುತ್ತದೆ. ಬಾಯಲ್ಲಿ ಓದಿ ಕೇಳಿಸುವಾಗ ಜನ ಎಡವುತ್ತಾರೆ. ತೋಟದಲ್ಲಿ ನಾನು ಅದನ್ನು ಬಿಟ್ಟು, "ಇದನ್ನ ಪಕ್ಕದ ತೋಟದವರಿಗೆ ನೀವೇ ಹೇಳಿಕೊಡಬಲ್ಲಿರಾ? ಹೇಳಿಕೊಡಿ ನೋಡೋಣ" ಅನ್ನುತ್ತೇನೆ. ಹೇಳಿಕೊಡುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ.

ಹೆಜ್ಜೆ 9: ತಿದ್ದಿ, ಮತ್ತೆ ಹೋಗಿ

ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಲ್ಲೇ ಮೂರು ಮಾತು ಹೇಳಿದ್ದರು: ಮೊದಲಿನಿಂದಲೇ ಬಳಸುವವರನ್ನು ನೋಡಿ, ಅಳೆಯಿರಿ, ತಿದ್ದಿ ಮತ್ತೆ ಅಳೆಯಿರಿ. ಜನ ಬಿಟ್ಟುಬಿಡುವುದು ಮೂರನೆಯದನ್ನು. ತಿದ್ದಿದ್ದು ಸರಿಯಾಯ್ತಾ ಅಂತ ಪರೀಕ್ಷಿಸದೆ ಬಿಟ್ಟರೆ ಅದು ಇನ್ನೊಂದು ಊಹೆ ಅಷ್ಟೇ. ಕಾರಣ ಕಣ್ಣಿಗೆ ಕಾಣುವಷ್ಟು ಸ್ಪಷ್ಟ ಇದ್ದರೆ ಐವರು ಮುಗಿಯುವ ತನಕ ಕಾಯಬೇಕಿಲ್ಲ, ಇಬ್ಬರಾದ ಮೇಲೇ ಸಾಲು ಬದಲಾಯಿಸಿ ಮೂರನೆಯವರಿಗೆ ಹೊಸದನ್ನು ಕೊಡಿ. ಮೈಕ್ರೋಸಾಫ್ಟ್‌ನವರು ಏಜ್ ಆಫ್ ಎಂಪೈರ್ಸ್ 2 ಆಟದ ಕಲಿಕೆ ಭಾಗವನ್ನು ಹೀಗೇ ತಿದ್ದಿದ್ದು.

ಮೊದಲು ಹೇಳಿದ "ಚಾಲನೆಗೊಂಡಿದೆ"ಗೆ ಬರೋಣ. ಮೊದಲ ತಿದ್ದುಪಡಿಯಲ್ಲಿ "ನೀರು ಬರುತ್ತಿದೆ" ಅಂತ ಹಾಕಿದೆವು. ಕೇಳಲು ಚೆನ್ನಾಗಿತ್ತು, ಆದರೆ ಅದೂ ತಪ್ಪು. ಪೆಟ್ಟಿಗೆ ಅಳೆಯುವುದು ಮೋಟಾರ್‌ನ ಆಂಪ್ಸನ್ನು. ಗೇಟ್ ವಾಲ್ವ್ ಮುಚ್ಚಿರಬಹುದು, ಪೈಪ್ ಒಡೆದಿರಬಹುದು, ಆಳದ ಬೋರಾದರೆ ನೀರು ಮೇಲೆ ಬರಲು ಸ್ವಲ್ಪ ಹೊತ್ತೂ ಬೇಕು. ಅಳೆಯದ್ದನ್ನು ಹೇಳಬಾರದು. ಎರಡನೇ ಸಲ, 1 ಒತ್ತಿದ ಕೂಡಲೇ "ನೋಡುತ್ತಿದ್ದೇನೆ, ಲೈನಲ್ಲಿರಿ" ಅಂತ ಹೇಳಿ, ಆಂಪ್ಸ್ ಅಳೆದ ಮೇಲೆ "ಮೋಟಾರ್ ಓಡುತ್ತಿದೆ" ಅಥವಾ "ಮೂರು ಫೇಸ್ ಇಲ್ಲ, ಮೋಟಾರ್ ಓಡುತ್ತಿಲ್ಲ" ಅನ್ನುವಂತೆ ಮಾಡಿದೆವು. ಮತ ಹಾಕಿದಾಗ ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ನಿಂತು ಕಾಣುತ್ತದಲ್ಲ, ಹಾಗೆ. ಬಟನ್ ಪಕ್ಕದ ಕೆಂಪು ದೀಪ ಒತ್ತಿದ್ದಕ್ಕೆ, ಚೀಟಿ ಆದದ್ದಕ್ಕೆ. ಕಾಯುವ ಹೊತ್ತಿನಲ್ಲಿ ಏನೂ ಸದ್ದಿಲ್ಲದಿದ್ದರೆ ಜನ ಫೋನ್ ಇಟ್ಟುಬಿಡುತ್ತಿದ್ದರು, ಅದಕ್ಕೆ ಟಿಕ್ ಟಿಕ್ ಸೇರಿಸಿದ್ದು ಮೂರನೇ ಸಲ.

ಕೊನೆಯದಾಗಿ, ಹಾಕಿಸಿದ ಮೇಲೂ ಹೋಗಿ. ಮೂರು ವಾರ ಬಿಟ್ಟು, ಸಾಧ್ಯವಾದರೆ ಬೇಸಿಗೆಯಲ್ಲಿ. ಯಾವ ಕೀಯನ್ನು ಎರಡೆರಡು ಸಲ ಒತ್ತುತ್ತಿದ್ದಾರೆ, ಯಾವುದನ್ನು ಮುಟ್ಟೇ ಇಲ್ಲ ಅಂತ ಪೆಟ್ಟಿಗೆಯ ಲಾಗ್‌ನಲ್ಲಿ ನೋಡಿ, ಅದನ್ನು ಹಿಡಿದುಕೊಂಡು ಕೇಳಿ.

ನಾವು ಹಾಗೆ ಹೋದಾಗ ಒಂದು ವಿಷಯ ಮನಸ್ಸಲ್ಲಿಟ್ಟುಕೊಂಡು ಹೋಗಿದ್ದೆವು. ತ್ರೀ ಫೇಸ್ ಬಂದ ಕೂಡಲೇ ಪೆಟ್ಟಿಗೆಯೇ ಕಾಲ್ ಮಾಡಿ ತಿಳಿಸುತ್ತದೆ, ಅದು ರಾತ್ರಿ ಎರಡಕ್ಕೂ ಬರುತ್ತದೆ, ನಿದ್ದೆ ಕೆಡುತ್ತದೆ, ರಾತ್ರಿ ಹತ್ತರಿಂದ ಐದರ ತನಕ ಕಾಲ್ ನಿಲ್ಲಿಸಿಬಿಡೋಣ ಅಂತ. ಪ್ರೋಗ್ರಾಂ ಕೂಡ ಬರೆದಾಗಿತ್ತು. ತಿಪಟೂರಿನ ಅದೇ ಯಜಮಾನರ ಮನೆಯಲ್ಲಿ ಹೇಳಿದಾಗ, ಒಳಗಿಂದ ಕಾಫಿ ತಂದ ಅಮ್ಮನೇ ಮೊದಲು ಬೇಡ ಅಂದರು. "ನಿಲ್ಲಿಸ್ಬಿಟ್ಟೀರಪ್ಪಾ! ರಾತ್ರಿ ಬರೋ ಕರೆಂಟೇ ಗಟ್ಟಿ. ಅದು ಫೋನ್ ಮಾಡ್ತದೆ ಅಂತ್ಲೇ ನಾವು ಈಗ ಮಲಗೋದು." ಉಳಿದ ಮನೆಗಳಲ್ಲೂ ಕೇಳಿದೆವು, ಹೆಚ್ಚಿನವರದ್ದು ಇದೇ ಮಾತು. ಬರೆದ ಪ್ರೋಗ್ರಾಂ ತೆಗೆದುಹಾಕಿದೆವು. ಈಗ ಎಲೆಕ್ಟ್ರಿಷಿಯನ್ ಪೆಟ್ಟಿಗೆ ಹಾಕಿದ ದಿನವೇ ಅದು ಕಾಲ್ ಮಾಡಿ ಕೇಳುತ್ತದೆ: ರಾತ್ರಿ ಯಾರ ಫೋನಿಗೆ ಮಾಡಲಿ?